ಉಡುಪಿಯ ಸಭೆಗೆ ಸೇರಿದ್ದು

ಈ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲ ಆರಂಭವಾಗುವ ಮುನ್ನ ಉಡುಪಿಯ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯ, ಅಂದರೆ ಚರ್ಚಿನ, ಸದಸ್ಯರ ಪುಸ್ತಕದಲ್ಲಿ ನನ್ನ ಕುಟುಂಬದ ಹೆಸರು ದಾಖಲಾಯಿತು. ಗದಗ-ಬೆಟಗೇರಿಯ ಸಭೆಯಲ್ಲಿ ಹುಟ್ಟಿ ಬೆಳೆದು, ಅಲ್ಲಿಯೇ ದೀಕ್ಷಾಸ್ನಾನವನ್ನೂ, ಬೆಳೆದ ಮೇಲೆ ವಿಶ್ವಾಸವನ್ನು ಸ್ವತಃ ಒಪ್ಪಿಕೊಳ್ಳುವ ದೃಢೀಕರಣವನ್ನೂ ಹೊಂದಿ, ಕೆಲಸದ ನಿಮಿತ್ತ ಮಣಿಪಾಲಕ್ಕೆ ಬಂದ ನನ್ನನ್ನು ಈ ಸಭೆ ಮೊದಲ ದಿನದಿಂದಲೂ ಆದರದಿಂದ ಕಂಡಿತ್ತು. ಆರಾಧನೆಗೆ ಬರುತ್ತಿದ್ದೆವು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಪಾಲುಗೊಳ್ಳುತ್ತಿದ್ದೆವು, ಕಾಣಿಕೆ ಚೀಲಕ್ಕೆ ಕೈಲಾದದ್ದನ್ನು ಹಾಕುತ್ತಿದ್ದೆವು. ಹೀಗಿರುವಾಗ ಬೆಟಗೇರಿಯಿಂದ ವರ್ಗಾವಣೆ ಪತ್ರ ತರಿಸಿ, ಸಮಿತಿಯ ಮುಂದೆ ಅರ್ಜಿ ಇಟ್ಟು, ಎಲ್ಲರ ಎದುರು ನಿಂತು ಮಾತು ಕೊಟ್ಟು ಸದಸ್ಯರಾಗುವ ಅಗತ್ಯವೇನಿತ್ತು ಎಂದು ಕೆಲವು ಸ್ನೇಹಿತರು ಕೇಳಿದರು. ಅವರಲ್ಲಿ ಕ್ರೈಸ್ತರೂ ಇದ್ದಾರೆ, ಅಲ್ಲದವರೂ ಇದ್ದಾರೆ. ಅವರ ಪ್ರಶ್ನೆ ಗಂಭೀರವಾದದ್ದು. ಅದಕ್ಕೆ ತಕ್ಕ ಉತ್ತರ ಕೊಡಬೇಕೆಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಲೋಕದಲ್ಲೆಲ್ಲ ಹರಡಿರುವ ಪರಿಶುದ್ಧ ಸಭೆಯನ್ನು ನಂಬುತ್ತೇನೆಂದು ವಿಶ್ವಾಸ ಪ್ರಮಾಣದಲ್ಲಿ ಪ್ರತಿ ಭಾನುವಾರ ಬಾಯಿಬಿಟ್ಟು ಹೇಳುವ ಮನುಷ್ಯನು, ಆ ಸಭೆಯನ್ನು ಎಲ್ಲಿಯಾದರೂ ಒಂದು ಕಡೆ, ತನಗೆ ಹೆಸರು ಗೊತ್ತಿರುವ ಜನರ ನಡುವೆ ಕಂಡುಕೊಳ್ಳಲೇಬೇಕು. ಸದಸ್ಯನಾಗುವುದೆಂದರೆ ಈ ಊರಿನ ಈ ಜನ ನನ್ನನ್ನು ವಿಚಾರಿಸಿಕೊಳ್ಳಲಿ, ನಾನು ದಾರಿ ತಪ್ಪಿದರೆ ಕೇಳಲಿ, ನನ್ನ ಮೇಲೂ ಸ್ವಲ್ಪ ಭಾರ ಹೊರಿಸಲಿ ಎಂದು ಬಹಿರಂಗವಾಗಿ ಒಪ್ಪಿಕೊಳ್ಳುವುದು. ಅತಿಥಿಯಾಗಿ ಬಂದವರನ್ನು ಯಾರೂ ಹಾಗೆ ಕೇಳುವುದಿಲ್ಲ. ಕೇಳುವುದು ಮರ್ಯಾದೆಯೂ ಅಲ್ಲ. ನಾನು ಎಷ್ಟು ವಾರ ಬಾರದಿದ್ದರೂ ನನಗೆ ಯಾರೂ ಏನೂ ಹೇಳಬೇಕಾಗಿಲ್ಲದ ಆ ಸ್ಥಾನ ನನಗೆ ಸಾಕೆನಿಸಲಿಲ್ಲ.

ಸೇರುವ ಕ್ರಮ ಬಹಳ ಜಟಿಲವೇನೂ ಅಲ್ಲ. ಸಿ.ಎಸ್.ಐ.ನ ಮೈಸೂರು ಧರ್ಮಪ್ರಾಂತ್ಯವು 1970ರಲ್ಲಿ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾದಂದಿನಿಂದ ಬೆಟಗೇರಿ ಧಾರವಾಡದ ಬಿಷಪರ ಕೈಕೆಳಗೂ, ಉಡುಪಿ ಮಂಗಳೂರಿನ ಬಲ್ಮಠದಲ್ಲಿರುವ ಬಿಷಪರ ಕೈಕೆಳಗೂ ಇವೆ. ಧರ್ಮಪ್ರಾಂತ್ಯ ಬೇರೆಯಾದರೂ ಸಭೆ ಒಂದೇ ಆದ್ದರಿಂದ ಹಳೆಯ ಊರಿನ ಸಭಾಪಾಲಕರು (ಪಾದ್ರಿಗಳು) ಬರೆದುಕೊಡುವ ಪತ್ರವೇ ಮುಖ್ಯ ದಾಖಲೆ. ದೀಕ್ಷಾಸ್ನಾನ ಯಾವಾಗ ಆಯಿತು, ದೃಢೀಕರಣ ಯಾವಾಗ ಆಯಿತು, ಮದುವೆ ಎಲ್ಲಿ ನಡೆಯಿತು, ಮಕ್ಕಳ ಹೆಸರೇನು, ಚಂದಾ ಬಾಕಿ ಇದೆಯೇ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಇಲ್ಲಿನ ಸಭಾಪಾಲಕರು ಅದನ್ನು ಸಭಾ ಸಮಿತಿಯ ಮುಂದೆ ಇಡುತ್ತಾರೆ, ಸಮಿತಿ ಒಪ್ಪಿದ ಮೇಲೆ ಆರಾಧನೆಯ ಪ್ರಕಟಣೆಗಳ ವೇಳೆ ಹೆಸರು ಓದುತ್ತಾರೆ, ಕರ್ತನ ಭೋಜನವಿರುವ ಒಂದು ಭಾನುವಾರ ಮುಂದೆ ಕರೆದು ಸ್ವೀಕರಿಸುತ್ತಾರೆ.

ಕ್ರೈಸ್ತ ವಿಶ್ವಾಸಕ್ಕೆ ಹೊಸದಾಗಿ ಬರುವವರ ದಾರಿ ಇದಕ್ಕಿಂತ ಉದ್ದವಾದದ್ದು, ಉದ್ದವಾಗಿಯೇ ಇರಬೇಕಾದದ್ದು. ಅವರಿಗೆ ಮೊದಲು ಬೋಧನೆ, ಅನಂತರ ದೀಕ್ಷಾಸ್ನಾನ, ಬಿಷಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ದೃಢೀಕರಣ, ಅದಾದ ಮೇಲೆ ಕರ್ತನ ಭೋಜನ. ಬೇರೆ ಕ್ರೈಸ್ತ ಪಂಗಡದಿಂದ ಬರುವವರಿಗೆ, ಉದಾಹರಣೆಗೆ ಕಥೋಲಿಕ ಕುಟುಂಬದಲ್ಲಿ ಹುಟ್ಟಿದವರಿಗೆ, ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆದ ದೀಕ್ಷಾಸ್ನಾನ ಜೀವನದಲ್ಲಿ ಒಂದೇ ಸಲ. ಈ ವಿಷಯದಲ್ಲಿ ನಮ್ಮ ಸಭೆ ಗಟ್ಟಿಯಾಗಿ ನಿಂತಿದೆ ಎಂಬುದು ನನಗೆ ಸಂತೋಷದ ಸಂಗತಿ. ಮೊದಲಿನದನ್ನು ಅಳಿಸಿ ತಮ್ಮದನ್ನೇ ಬರೆಯುವ ಸಭೆಗಳು ಇತ್ತೀಚೆಗೆ ನಮ್ಮ ಊರುಗಳಲ್ಲಿ ಹೆಚ್ಚುತ್ತಿವೆ, ಮತ್ತು ಅಲ್ಲಿ ಎರಡನೆಯ ಸಲ ನೀರಿಗಿಳಿದವರ ತಂದೆತಾಯಿಗಳ ಮನಸ್ಸಿಗೆ ಆಗುವ ನೋವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಅರ್ಜಿ ಕೊಡುವ ಮೊದಲು ಸಭಾಪಾಲಕರ ಜೊತೆ ಅವರ ಮನೆಯಲ್ಲಿ ಕುಳಿತು ಮಾತಾಡಿದೆ. "ಅಯ್ಯನವರೇ, ನಮ್ಮ ಹೆಸರನ್ನು ಇಲ್ಲಿ ಸೇರಿಸಿಕೊಳ್ಳಬೇಕು" ಎಂದಾಗ ಅವರು ಸಂತೋಷಪಟ್ಟರು, ಆದರೆ ಕೂಡಲೇ ಅರ್ಜಿಯ ಹಾಳೆ ತೆಗೆಯಲಿಲ್ಲ. "ಒಂದು ತಿಂಗಳು ಯೋಚಿಸಿ, ಮನೆಯವರೆಲ್ಲ ಸೇರಿ ಪ್ರಾರ್ಥಿಸಿ. ಬರುವ ಭಾನುವಾರ ಆರಾಧನೆಯ ಮೇಲೆ ವಾರ್ಷಿಕ ಮಹಾಸಭೆ ಇದೆ, ಹಿಂದೆ ಕುಳಿತು ನೋಡಿ. ಆಮೇಲೂ ಮನಸ್ಸು ಇದ್ದರೆ ಬನ್ನಿ" ಎಂದರು. ಇದು ವಿವೇಕದ ಮಾತು. ಯಾವುದೇ ಸಭೆಗೆ ಸೇರಲು ಬಯಸುವವರು ಅದರ ಹಬ್ಬವನ್ನಷ್ಟೇ ನೋಡಿದರೆ ಸಾಲದು, ಅದರ ಲೆಕ್ಕಪತ್ರವನ್ನೂ, ಆ ಲೆಕ್ಕದ ಮೇಲೆ ಅವರು ಮಾಡುವ ಚರ್ಚೆಯನ್ನೂ ನೋಡಬೇಕು.

ಆ ಮಹಾಸಭೆಯಲ್ಲಿ ಆಯವ್ಯಯ ಪತ್ರವನ್ನು ಸಾಲು ಸಾಲಾಗಿ ಓದಿದರು. ಧರ್ಮಪ್ರಾಂತ್ಯಕ್ಕೆ ಕಳುಹಿಸಿದ ಪಾಲು, ಮಾಡಿನ ಹಂಚು ಬದಲಿಸಿದ ಖರ್ಚು, ರೋಗಿಗಳಿಗೆ ಕೊಟ್ಟ ನೆರವು, ಭಾನುವಾರ ಶಾಲೆಯ ಪುಸ್ತಕಗಳು. ಒಬ್ಬರು ಎದ್ದು ನೆರವಿನ ಬಾಬ್ತು ಯಾಕೆ ಕಳೆದ ವರ್ಷಕ್ಕಿಂತ ಕಡಿಮೆಯಾಗಿದೆ ಎಂದು ಕೇಳಿದರು. ಧ್ವನಿ ಏರಿತು, ಇಬ್ಬರು ಹಿರಿಯರು ಸಮಾಧಾನಪಡಿಸಿದರು, ಖಜಾಂಚಿ ವಿವರ ಕೊಟ್ಟರು, ಕೊನೆಗೆ ಮುಂದಿನ ವರ್ಷ ಆ ಬಾಬ್ತಿಗೆ ಹೆಚ್ಚು ಹಣ ತೆಗೆದಿಡುವ ನಿರ್ಣಯವಾಯಿತು. ಕ್ರೈಸ್ತ ಸಭೆಗಳಲ್ಲಿ ಚುನಾವಣೆಯ ಹೆಸರಿನಲ್ಲಿ ನಡೆಯುವ ಗುಂಪುಗಾರಿಕೆಯ ಬಗ್ಗೆ ನಾವೆಲ್ಲ ಸಾಕಷ್ಟು ಕೇಳಿದ್ದೇವೆ. ನಮ್ಮ ಸಭೆ ಅದರಿಂದ ಪೂರ್ತಿ ಮುಕ್ತವೆಂದು ನಾನು ಹೇಳಲಾರೆ. ಆದರೂ ಬಡವರಿಗೆ ಕೊಟ್ಟ ಹಣ ಕಡಿಮೆಯಾಯಿತೆಂದು ಬಹಿರಂಗವಾಗಿ ಕೇಳುವ ಜನ, ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಸಮಿತಿ ಇರುವ ಕಡೆ ನನ್ನ ಚಂದಾ ಕೊಡಲು ನನಗೆ ಹಿಂಜರಿಕೆಯಿಲ್ಲ. ಆ ದಿನ ನನಗೆ ಮತವಿರಲಿಲ್ಲ, ಮಾತಾಡುವ ಹಕ್ಕೂ ಇರಲಿಲ್ಲ, ಅದು ಸರಿಯಾಗಿಯೇ ಇತ್ತು.

ಕರಾವಳಿಯಲ್ಲಿ ಸಭೆಗೆ ಸೇರುವುದರ ಚರಿತ್ರೆಯನ್ನು ನೆನೆಯದೆ ಈ ಮಾತು ಮುಂದುವರಿಸಲು ಮನಸ್ಸು ಬರುವುದಿಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿನಿಂದ ಭಾರತಕ್ಕೆ ಬಂದ ಮೊದಲ ಮಿಶನರಿಗಳಾದ ಸಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳು ಮಂಗಳೂರಿಗೆ ಬಂದರು. ಇಲ್ಲಿಂದ ಅವರ ಕೆಲಸ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನನ್ನ ಬೆಟಗೇರಿಗೆ ಹರಡಿತು. ಆದ್ದರಿಂದ ನಾನು ಬೆಟಗೇರಿಯಿಂದ ಉಡುಪಿಗೆ ಬಂದದ್ದು ಒಂದು ಬಗೆಯಲ್ಲಿ ಆ ದಾರಿಯನ್ನೇ ಹಿಂದಕ್ಕೆ ನಡೆದಂತೆ. ಬೆಟಗೇರಿಯಲ್ಲಿ ಜನ ಈಗಲೂ ಜರ್ಮನ್ ದವಾಖಾನೆ ಎನ್ನುವ ಆಸ್ಪತ್ರೆಯ ಸಮೀಪ ಬೆಳೆದ ನನಗೆ, 1923ರಲ್ಲಿ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆರಂಭಿಸಿದ, ಊರಿನವರು ಮಿಶನ್ ಆಸ್ಪತ್ರೆಯೆಂದೇ ಕರೆಯುವ ಆಸ್ಪತ್ರೆಯ ಆವರಣಕ್ಕೆ ಮೊದಲ ಸಲ ಹೋದಾಗ ಪರಕೀಯತೆ ಕಾಡಲಿಲ್ಲ.

ಆ ಕಾಲದಲ್ಲಿ ಸಭೆಗೆ ಸೇರಿದವರು ತೆತ್ತ ಬೆಲೆ ಮಾತ್ರ ನನ್ನ ಅನುಭವಕ್ಕೆ ನಿಲುಕದ್ದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗರ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರೇ ಕದಡಿಹೋಯಿತು. ಮುಂದೆ ಅವರು ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಬೋಧಕರಾಗಿ ಅಭಿಷೇಕ ಹೊಂದಿ ಮಂಗಳೂರಿಗೆ ಮರಳಿದರು. ಆದರೆ ಸಭೆಗೆ ಹೆಚ್ಚಾಗಿ ಬಂದವರು ಅವರಂಥ ಓದಿದವರಲ್ಲ. ಮೂರ್ತೆದಾರಿಕೆ ಮಾಡುತ್ತಿದ್ದ, ಗೇಣಿಯ ಹೊಲದಲ್ಲಿ ದುಡಿಯುತ್ತಿದ್ದ ಬಿಲ್ಲವರು. ಸೇಂದಿ ಇಳಿಸುವ ಕಸುಬನ್ನು ಸಭೆ ಒಪ್ಪುತ್ತಿರಲಿಲ್ಲ, ಕ್ರೈಸ್ತನಾದವನಿಗೆ ಗೇಣಿಯ ಭೂಮಿ ಕೊಡಲು ಒಡೆಯ ಒಪ್ಪುತ್ತಿರಲಿಲ್ಲ, ಕುಟುಂಬದ ಭೂತಸ್ಥಾನದ ಕೆಲಸಕ್ಕೆ ಬಾರದವನನ್ನು ಮನೆಯವರು ಒಪ್ಪುತ್ತಿರಲಿಲ್ಲ. ಮತ ಬಿಟ್ಟವರ ವಾರಸು ಹಕ್ಕು ಹೋಗಬಾರದೆಂದು ಕಂಪನಿ ಸರ್ಕಾರ 1850ರಲ್ಲಿ ಒಂದು ಕಾಯ್ದೆ ಮಾಡಿತು ನಿಜ, ಆದರೆ ಕೂಡು ಕುಟುಂಬದ ಊಟದ ಪಂಕ್ತಿಯಲ್ಲಿ ಜಾಗ ಕೊಡಿಸುವ ಕಾಯ್ದೆ ಯಾವ ಸರ್ಕಾರದ ಬಳಿಯೂ ಇರಲಿಲ್ಲ.

ಹೀಗೆ ಕಸುಬು ಕಳೆದುಕೊಂಡವರಿಗಾಗಿಯೇ ಮಿಶನ್ ನೇಯ್ಗೆಯ ಕಾರ್ಖಾನೆ ತೆರೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ಮಲ್ಪೆಯಲ್ಲಿಯೂ ಹಂಚು ತಯಾರಾಯಿತು. ಮಂಗಳೂರು ಹಂಚಿನ ಕೀರ್ತಿಯನ್ನು ಹೇಳುವವರು ಅದರ ಹಿಂದಿರುವ ಈ ಕಾರಣವನ್ನು ಹೇಳುವುದು ಕಡಿಮೆ. ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕೆಲಸ ಕೊಟ್ಟವರು, ಇರಲು ಮನೆ ಕೊಟ್ಟವರು, ಕರ್ತನ ಭೋಜನಕ್ಕೆ ಯೋಗ್ಯರೇ ಅಲ್ಲವೇ ಎಂದು ತೀರ್ಮಾನಿಸುವವರು ಒಬ್ಬರೇ ಆದಾಗ ಸದಸ್ಯನಿಗೆ ಸಭೆಯ ಎದುರು ಸ್ವತಂತ್ರವಾಗಿ ನಿಲ್ಲುವುದು ಬಹಳ ಕಷ್ಟ. ಕುಡಿದವರನ್ನು, ಜಗಳವಾಡಿದವರನ್ನು, ಹಳೆಯ ಆಚರಣೆಗೆ ಹಿಂದಿರುಗಿದವರನ್ನು ಭೋಜನದಿಂದ ದೂರವಿಡುವ ಶಿಸ್ತು ಆಗ ಕಠಿಣವಾಗಿತ್ತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ಹೊರಗೆ ಕಳುಹಿಸಿ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದಾಗ, ಸಭೆಯ ಜನ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಾಯಿತು. ಅದು ಬಹಳ ಕುಟುಂಬಗಳಿಗೆ ಕಷ್ಟದ ಕಾಲ. ಆದರೂ ಸಭೆಯೆಂದರೆ ಮಿಶನ್ ಕೊಡುವ ಆಶ್ರಯ ಎಂಬ ಭಾವನೆ ಹೋಗಿ, ಸಭೆಯೆಂದರೆ ನಾವೇ ನಡೆಸಬೇಕಾದದ್ದು ಎಂಬ ಭಾವನೆ ಬೆಳೆಯಲು ಆ ಕಷ್ಟವೇ ದಾರಿ ಮಾಡಿತು ಎಂದು ನಾನು ತಿಳಿದಿದ್ದೇನೆ.

ಆ ಮಿಶನರಿಗಳು ಜಾತಿಭೇದವನ್ನು ಸಭೆಯೊಳಗೆ ಬಿಟ್ಟುಕೊಳ್ಳದೆ ಇದ್ದದ್ದಕ್ಕೆ ನಾನು ವಿಶೇಷವಾಗಿ ಕೃತಜ್ಞನು. ಕೌಂಡಿನ್ಯರಂಥವರೂ ಸೇಂದಿ ಇಳಿಸುತ್ತಿದ್ದ ಮನೆಯವರೂ ಒಂದೇ ಬಟ್ಟಲಿನಿಂದ ಕುಡಿಯಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಕನ್ನಡದಲ್ಲಿ ಇದೆಂಥ ಮಾತು ಎಂಬುದನ್ನು ಇಂದು ಊಹಿಸುವುದಕ್ಕೂ ಪ್ರಯತ್ನ ಬೇಕು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಸಭೆಗಳೂ, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಮೂಲದವರು ಮೊದಲೇ ಕೂಡಿಕೊಂಡಿದ್ದ ದಕ್ಷಿಣ ಭಾರತ ಐಕ್ಯ ಸಭೆಯೂ ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಬಿಷಪರಿರುವ ಸಭೆಗಳು ಬಿಷಪರಿಲ್ಲದ ಸಭೆಗಳೊಡನೆ ಹೀಗೆ ಒಂದಾದದ್ದು ಅಲ್ಲಿಯವರೆಗೆ ಎಲ್ಲೂ ಆಗಿರಲಿಲ್ಲ. ಈ ಐಕ್ಯದ ಫಲವಾಗಿ 1950ರಲ್ಲಿ ಸಿದ್ಧವಾದ ಕರ್ತನ ಭೋಜನದ ಆರಾಧನಾ ಕ್ರಮದಲ್ಲಿ ಒಂದು ಭಾಗವಿದೆ. ಸದಸ್ಯತ್ವದ ಬಗ್ಗೆ ನನಗೆ ಯಾವ ಪ್ರಸಂಗವೂ, ಅಂದರೆ ಆರಾಧನೆಯ ಉಪದೇಶವೂ, ಕಲಿಸದಷ್ಟನ್ನು ಅದು ಕಲಿಸಿದೆ.

ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಮುಂದೆ ತರುವ ಮುನ್ನ ಸಮಾಧಾನವನ್ನು, ಅಂದರೆ ಶಾಂತಿಯ ಗುರುತಾಗಿ ಕೈ ಹಿಡಿಯುವುದನ್ನು, ಹಂಚುತ್ತಾರೆ. ಸಭಾಪಾಲಕರು ಮೊದಲು ತಮ್ಮ ಜೊತೆಯಲ್ಲಿ ಸೇವೆಗೆ ನಿಂತವರಿಗೆ ಕೊಡುತ್ತಾರೆ, ಅವರು ಇಳಿದು ಬಂದು ಪ್ರತಿ ಸಾಲಿನ ಮೊದಲ ವ್ಯಕ್ತಿಗೆ ಕೊಡುತ್ತಾರೆ, ಅಲ್ಲಿಂದ ಅದು ಕೈಯಿಂದ ಕೈಗೆ ಸಾಲಿನ ಕೊನೆಯವರೆಗೆ ಹೋಗುತ್ತದೆ. ಕೊಡುವವರ ಬಲಗೈಯನ್ನು ಪಡೆಯುವವರ ಬಲಗೈಗೆ ಸೇರಿಸಿ, ಇಬ್ಬರೂ ಎಡಗೈಯಿಂದ ಪರಸ್ಪರರ ಕೈಯನ್ನು ಮುಚ್ಚಿ ಹಿಡಿಯುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರ ಪುರಾತನ ಆರಾಧನೆಯಿಂದ ಬಂದ ಪದ್ಧತಿಯಿದು. ಇದರಲ್ಲಿ ಯಾರಿಗೆ ಕೊಡಬೇಕೆಂದು ನಾನು ಆರಿಸಿಕೊಳ್ಳುವಂತಿಲ್ಲ; ಪಕ್ಕದಲ್ಲಿ ನಿಂತವರಿಗೇ ಕೊಡಬೇಕು, ಅವರ ಕೈ ಯಾವುದಾದರೂ ಆಗಿರಲಿ. ಮೀನು ದಕ್ಕೆಯಲ್ಲಿ ದುಡಿದು ಗಟ್ಟಿಯಾದ ಕೈ, ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯುವ ಕೈ, ನಡುಗುವ ಮುದುಕರ ಕೈ, ಬೆವರಿದ ಮಕ್ಕಳ ಕೈ, ಎಲ್ಲವನ್ನೂ ನಾನು ಹಿಡಿದಿದ್ದೇನೆ. ಮಹಾಸಭೆಯಲ್ಲಿ ಧ್ವನಿ ಏರಿಸಿದ ಇಬ್ಬರು ಮುಂದಿನ ಭಾನುವಾರ ಒಂದೇ ಸಾಲಿನಲ್ಲಿ ನಿಂತು ಹೀಗೆ ಕೈ ಹಿಡಿದದ್ದನ್ನೂ ನೋಡಿದ್ದೇನೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಆದರೆ ಅಂದು ಆ ಜಾಗ ಬಿಟ್ಟು ಬೇರೆ ಸಾಲಿಗೆ ಹೋಗಲು ಇಬ್ಬರಿಗೂ ಅವಕಾಶವಿತ್ತು, ಇಬ್ಬರೂ ಹೋಗಲಿಲ್ಲ.

ನಮ್ಮನ್ನು ಸ್ವೀಕರಿಸಿದ ಭಾನುವಾರ ದೊಡ್ಡ ಸಮಾರಂಭವೇನೂ ಇರಲಿಲ್ಲ. ಮುಂದೆ ಕರೆದು, ಆರಾಧನೆಯಲ್ಲಿ ಕ್ರಮವಾಗಿ ಪಾಲುಗೊಳ್ಳುವಿರಾ, ಕರ್ತನ ಭೋಜನಕ್ಕೆ ಸಿದ್ಧರಾಗಿ ಬರುವಿರಾ, ಸಭೆಯ ಸೇವೆಗೆ ಹಣದಿಂದಲೂ ಶ್ರಮದಿಂದಲೂ ನೆರವಾಗುವಿರಾ ಎಂದು ಕೇಳಿದರು. ದೇವರ ಸಹಾಯದಿಂದ ಹಾಗೆ ಮಾಡುತ್ತೇವೆಂದು ಉತ್ತರ ಕೊಟ್ಟೆವು. ಅನಂತರ ಕುಳಿತವರನ್ನು ಎಬ್ಬಿಸಿ, ಈ ಕುಟುಂಬವನ್ನು ಪ್ರೀತಿಯಿಂದ ನೋಡಿಕೊಳ್ಳುವಿರಾ ಎಂದು ಕೇಳಿದಾಗ ಸಭೆಯೂ ಉತ್ತರ ಕೊಟ್ಟಿತು. ಈ ಎರಡನೆಯ ಪ್ರಶ್ನೆಯ ತೂಕ ಆ ಹೊತ್ತಿಗೆ ನನ್ನ ಗಮನಕ್ಕೆ ಪೂರ್ತಿ ಬಂದಿರಲಿಲ್ಲ. ನಾವು ಕೊಟ್ಟ ಮಾತಿಗೆ ಎದುರಾಗಿ ಅವರೂ ಮಾತು ಕೊಟ್ಟಿದ್ದರು, ಮತ್ತು ಬೇಗನೆ ಅದನ್ನು ನಡೆಸಲು ತೊಡಗಿದರು.

ಅನಂತರದ ಒಂದು ಭಾನುವಾರ ಮಗುವಿನ ಜ್ವರದ ಕಾರಣ ನಾವು ಹೋಗಿರಲಿಲ್ಲ. ಮರುದಿನ ಸಂಜೆ ನಮ್ಮ ಸಾಲಿನಲ್ಲಿ ಕುಳಿತುಕೊಳ್ಳುವ ಅಜ್ಜಿಯೊಬ್ಬರು ಮಗನನ್ನು ಕರೆದುಕೊಂಡು ಮನೆಗೇ ಬಂದರು. "ಎಂತ ಮಗಾ, ನಿನ್ನೆ ಕಾಣಲೇ ಇಲ್ಲ?" ಎಂದು ಕೇಳಿ, ಮಗುವಿನ ತಲೆಯ ಮೇಲೆ ಕೈಯಿಟ್ಟು ತುಳುವಿನಲ್ಲಿ ಪ್ರಾರ್ಥಿಸಿದರು. ನಮಗೆ ತುಳು ಅರ್ಧ ಮಾತ್ರ ತಿಳಿಯುತ್ತದೆ. ಆರಾಧನೆ ಕನ್ನಡದಲ್ಲಿ ನಡೆದರೂ ಇಲ್ಲಿನ ಹಿರಿಯರ ಪ್ರಾರ್ಥನೆ ಮನೆಗೆ ಬಂದ ಕೂಡಲೇ ತುಳುವಿಗೆ ತಿರುಗುತ್ತದೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲಿಯೇ ಅಚ್ಚಾಗಿತ್ತು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ನಾವು ಅತಿಥಿಗಳಾಗಿದ್ದ ಕಾಲದಲ್ಲಿಯೂ ಭಾನುವಾರಗಳನ್ನು ತಪ್ಪಿಸಿದ್ದುಂಟು, ಆಗ ಈ ಅಜ್ಜಿ ಮುಗುಳ್ನಕ್ಕು ಕುಶಲ ವಿಚಾರಿಸುತ್ತಿದ್ದರೇ ಹೊರತು ಬಾರದ ಕಾರಣ ಕೇಳುತ್ತಿರಲಿಲ್ಲ. ಈಗ ಕೇಳುವ ಹಕ್ಕು ಅವರಿಗೆ ಬಂದಿದೆ, ಅದನ್ನು ಅವರು ಚೆನ್ನಾಗಿ ಬಲ್ಲರು.

ಹೊರಗಿನಿಂದ ಬಂದವರಿಗೆ ಇಲ್ಲಿ ಒಂದು ತೊಡಕೂ ಇದೆ. ಬಾಸೆಲ್ ಮಿಶನ್ನಿನ ಹಳೆಯ ಕುಟುಂಬಗಳು, ಸೋನ್ಸ್, ಕರ್ಕಡ, ಕೋಟ್ಯಾನ್ ಮುಂತಾದ ಅಡ್ಡಹೆಸರಿನವರು, ನಾಲ್ಕೈದು ತಲೆಮಾರಿನಿಂದ ಪರಸ್ಪರ ಬಲ್ಲವರು, ಮದುವೆಯ ಸಂಬಂಧದಿಂದ ಬೆಸೆದುಕೊಂಡವರು. ಹೊಸಬರನ್ನು ಕಂಡಾಗ ಅವರ ಮೊದಲ ಪ್ರಶ್ನೆ "ನೀವು ಯಾರ ಮನೆಯವರು?" ಎಂಬುದು. ಅದರಲ್ಲಿ ದುರುದ್ದೇಶವಿಲ್ಲ, ಎಲ್ಲೋ ಒಂದು ನಂಟು ಸಿಕ್ಕರೆ ಸಂತೋಷಪಡಬೇಕೆಂಬ ಆಸೆ ಅಷ್ಟೇ. ಆದರೆ ಮೊದಲ ತಲೆಮಾರಿನ ವಿಶ್ವಾಸಿಯೊಬ್ಬರು, ಸಭೆಯಲ್ಲಿ ಯಾವ ನೆಂಟರೂ ಇಲ್ಲದವರು, ಆ ಪ್ರಶ್ನೆಗೆ ಏನು ಹೇಳಬೇಕು? ಅಂಥವರೊಬ್ಬರು ಆರಾಧನೆ ಮುಗಿದ ಕೂಡಲೇ ಯಾರೊಡನೆಯೂ ಮಾತಾಡದೆ ಹೊರಡುತ್ತಿದ್ದುದನ್ನು ನಾನು ಗಮನಿಸಿದ್ದೆ. ಸಭೆಯನ್ನು ಕುಟುಂಬಗಳ ಕೂಟವೆಂದು ತಿಳಿದರೆ ಹುಟ್ಟಿನಿಂದ ಬಂದವರು ಮನೆಯವರು, ನಂಬಿಕೆಯಿಂದ ಬಂದವರು ಹೊರಗಿನವರು ಎಂದಾಗುತ್ತದೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಹೇಳುವುದು ಇದಕ್ಕೆ ತೀರ ವಿರುದ್ಧವಾದದ್ದು: ಹೊರಗಿನವರಾಗಿದ್ದವರು ಈಗ ದೇವರ ಮನೆಯವರೇ. ಈ ಹಳೆಯ ಕುಟುಂಬಗಳ ಮೊದಲ ಹಿರಿಯರೂ ಯಾರ ಮನೆಯವರೂ ಆಗಿರದೆ ಬಂದವರೇ ಎಂಬುದನ್ನು ಸಭೆಯ ಶತಮಾನೋತ್ಸವಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಮಾತು ಭಾನುವಾರ ಬಾಗಿಲ ಬಳಿ ಹೊಸಬರನ್ನು ಮಾತಾಡಿಸುವಾಗಲೂ ನೆನಪಿಗೆ ಬರಬೇಕು.

ಸದಸ್ಯತ್ವ ಬೇಡವೆನ್ನುವ ಸ್ನೇಹಿತರ ವಾದಗಳಲ್ಲಿ ಎರಡು ನನ್ನನ್ನು ಯೋಚನೆಗೆ ಹಚ್ಚಿದವು. ಒಂದು, ಜನ ಸದಸ್ಯರಾಗುವುದು ಮದುವೆ ಮತ್ತು ಸಮಾಧಿಗಾಗಿ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದಿಸಬೇಕಾದಾಗ, ಮನೆಯಲ್ಲಿ ಸಾವಾಗಿ ಸಮಾಧಿ ಸ್ಥಳದಲ್ಲಿ ಜಾಗ ಬೇಕಾದಾಗ, ವರ್ಷಗಟ್ಟಲೆ ಕಾಣಿಸದವರೂ ಬಾಕಿ ಚಂದಾ ಕಟ್ಟಲು ಬರುತ್ತಾರೆ. ಹಾಗೆ ಬಂದವರನ್ನು ಹಂಗಿಸುವುದು ನನಗೆ ಸರಿ ಕಾಣುವುದಿಲ್ಲ. ಸಾವಿನ ಮನೆಯಿಂದ ಬಂದವರ ಮುಂದೆ ಲೆಕ್ಕದ ಪುಸ್ತಕ ತೆರೆಯುವ ಖಜಾಂಚಿ ಸಭೆಯ ಕೆಲಸವನ್ನು ಕೆಡಿಸುತ್ತಾನೆ. ಅದೇ ಹೊತ್ತಿಗೆ, ತನ್ನನ್ನು ಹೂಳುವ ಜನರನ್ನು ಬದುಕಿರುವಾಗಲೂ ತಿಳಿದಿರುವುದು ಒಳ್ಳೆಯದು. ನಮ್ಮ ಸಭೆಯ ಸಮಾಧಿ ಸಂಸ್ಕಾರಗಳಲ್ಲಿ ಕೀರ್ತನೆ ಹಾಡುವವರು ಸತ್ತವರ ಕಾಯಿಲೆಯ ದಿನಗಳಲ್ಲಿ ಮಂಚದ ಬಳಿ ಹಾಡಿದವರೇ ಆಗಿರುತ್ತಾರೆ. ಜರ್ಮನಿಯಿಂದ ಬಂದ ಆ ರಾಗಗಳನ್ನು ಬೆಟಗೇರಿಯಲ್ಲಿ ನಾವು ಸ್ವಲ್ಪ ಚುರುಕಾಗಿ ಹಾಡುತ್ತಿದ್ದೆವು, ಉಡುಪಿಯವರು ನಿಧಾನವಾಗಿ ಎಳೆದು ಹಾಡುತ್ತಾರೆ. ಅದಕ್ಕೆ ಹೊಂದಿಕೊಳ್ಳಲು ನನ್ನ ಗಂಟಲಿಗೆ ಬಹಳ ಕಾಲ ಬೇಕಾಯಿತು.

ಇನ್ನೊಂದು ವಾದ ಇಂದಿನ ಕಾಲದ್ದು. 2020ರ ಲಾಕ್‌ಡೌನ್‌ನಲ್ಲಿ ಆರಾಧನೆ ಮೊಬೈಲಿಗೆ ಬಂತು. ಅಂದಿನಿಂದ ಒಳ್ಳೆಯ ಪ್ರಸಂಗ ಎಲ್ಲಿದೆಯೋ ಅಲ್ಲಿಂದ ಕೇಳಬಹುದು, ಒಳ್ಳೆಯ ಸಂಗೀತ ಎಲ್ಲಿದೆಯೋ ಅಲ್ಲಿಗೆ ಹೋಗಬಹುದು, ಒಂದೇ ಸಭೆಗೆ ಕಟ್ಟಿಹಾಕಿಕೊಳ್ಳುವುದು ಯಾಕೆ ಎಂಬುದು. ರೋಗಿಗಳಿಗೆ, ನಡೆಯಲಾರದ ವೃದ್ಧರಿಗೆ, ರಾತ್ರಿ ಪಾಳಿ ಮುಗಿಸಿ ಬರುವ ದಾದಿಯರಿಗೆ ಮೊಬೈಲಿನ ಆರಾಧನೆ ನಿಜವಾದ ಆಶೀರ್ವಾದ. ಅದನ್ನು ನಿಲ್ಲಿಸಬಾರದೆಂದು ಸಮಿತಿಗೆ ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಆದರೆ ಆರೋಗ್ಯವಿರುವ ಮನುಷ್ಯ ವಾರಕ್ಕೊಂದು ಸಭೆ ಬದಲಿಸುತ್ತ ಹೋದರೆ ಅವನ ವಿಶ್ವಾಸವನ್ನು ಪರೀಕ್ಷಿಸುವವರು ಯಾರೂ ಉಳಿಯುವುದಿಲ್ಲ. ಒಳ್ಳೆಯ ಪ್ರಸಂಗ ಎಲ್ಲಿ ಬೇಕಾದರೂ ಸಿಕ್ಕೀತು. ಇಷ್ಟವಾಗದ ಮನುಷ್ಯನ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ಅವನನ್ನು ಪ್ರೀತಿಸಲು ಕಲಿಯುವುದು ಒಂದೇ ಕಡೆ ಇದ್ದವರಿಗೆ ಮಾತ್ರ ಸಾಧ್ಯ. ಕ್ರಿಸ್ತನ ಬೋಧನೆಯ ಹೆಚ್ಚಿನ ಪಾಲು ಇಂಥ ಮನುಷ್ಯರ ಬಗ್ಗೆಯೇ ಇದೆ.

ಸದಸ್ಯರಾದ ಮೇಲೆ ನಮಗೆ ಬಂದ ಮೊದಲ ಹೊಣೆ ಬೆಳೆಹಬ್ಬದ್ದು. ಆ ದಿನ ಜನ ಬಾಳೆಗೊನೆ, ತೆಂಗಿನಕಾಯಿ, ಹಲಸು, ಮಟ್ಟುಗುಳ್ಳ, ಶಂಕರಪುರ ಮಲ್ಲಿಗೆಯ ಅಟ್ಟೆ, ಮನೆಯಲ್ಲಿ ಮಾಡಿದ ತಿಂಡಿ ಎಲ್ಲವನ್ನೂ ಕಾಣಿಕೆಯಾಗಿ ತಂದು ಮುಂದೆ ಇಡುತ್ತಾರೆ, ಆರಾಧನೆಯ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ. ನನ್ನ ಪತ್ನಿ ಬೆಟಗೇರಿಯ ರೀತಿಯಲ್ಲಿ ಶೇಂಗಾ ಹೋಳಿಗೆ ಮಾಡಿಕೊಟ್ಟಳು, ಅದರ ಬೆಲೆಯನ್ನು ಕೂಗಿ ಕೂಗಿ ಏರಿಸಿದವರು ಹಿಂದೆ ನಮ್ಮನ್ನು "ಯಾರ ಮನೆಯವರು" ಎಂದು ಕೇಳಿದ್ದ ಅಕ್ಕನವರೇ. ಏಲಂನ ಲೆಕ್ಕ ಬರೆಯುವ ಕೆಲಸ ನನಗೆ ಕೊಟ್ಟಿದ್ದರು. ಅಂದಿನ ಹಣ ಪೂರ್ತಿಯಾಗಿ ನೆರವಿನ ಬಾಬ್ತಿಗೆ ಹೋಗಬೇಕೆಂದು ಸಮಿತಿ ಮೊದಲೇ ಬರೆದಿಟ್ಟಿತ್ತು.

ಈಗ ಸಭಾಪಾಲಕರು ಇನ್ನೊಂದು ಕೆಲಸ ಒಪ್ಪಿಸಿದ್ದಾರೆ. ದೃಢೀಕರಣಕ್ಕೆ ಸಿದ್ಧರಾಗುವ ಮಕ್ಕಳಿಗೆ ಪ್ರತಿ ವರ್ಷ ತರಗತಿ ನಡೆಯುತ್ತದೆ. ವಿಶ್ವಾಸ ಪ್ರಮಾಣ, ಹತ್ತು ಆಜ್ಞೆಗಳು, ಕರ್ತನ ಪ್ರಾರ್ಥನೆ ಎಲ್ಲವನ್ನೂ ಪ್ರಶ್ನೋತ್ತರದ ರೂಪದಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಅದು ಬೇಕು, ಬಾಯಿಗೆ ಬಂದದ್ದು ಕಷ್ಟಕಾಲದಲ್ಲಿ ಒದಗುತ್ತದೆ. ಆದರೆ ವರ್ಗಾವಣೆಯಾಗಿ ಬರುವವರಿಗೆ, ಮೊದಲ ತಲೆಮಾರಿನ ವಿಶ್ವಾಸಿಗಳಿಗೆ, ಮದುವೆಯಾಗಿ ಈ ಸಭೆಗೆ ಬರುವ ಹೆಣ್ಣುಮಕ್ಕಳಿಗೆ ಯಾವ ತರಗತಿಯೂ ಇರಲಿಲ್ಲ. ಅಂಥವರಿಗಾಗಿ ನಾಲ್ಕು ಸಂಜೆಗಳ ಒಂದು ಚಿಕ್ಕ ಪಾಠವನ್ನು ಸಿದ್ಧಪಡಿಸಲು ಮೂವರಿಗೆ ಹೇಳಿದ್ದಾರೆ. ಅವ್ವನ ಮಡಿಲಲ್ಲಿ ಕನ್ನಡ ಕೀರ್ತನೆ ಕಲಿತ ನಾನು, ಇಲ್ಲಿಯೇ ಹುಟ್ಟಿ ಬೆಳೆದ ನಿವೃತ್ತ ಶಿಕ್ಷಕಿಯೊಬ್ಬರು, ಮತ್ತು ಆರಾಧನೆ ಮುಗಿದ ಕೂಡಲೇ ಹೊರಡುತ್ತಿದ್ದ ಆ ಸಹೋದರ. ಮೂರನೆಯ ಹೆಸರನ್ನು ಸಮಿತಿಗೆ ಸೂಚಿಸಿದವರು ನಮ್ಮ ಸಾಲಿನ ಅಜ್ಜಿ. ಮೊದಲ ಸಂಜೆ ಆರಾಧನಾ ಕ್ರಮ, ಎರಡನೆಯದು ಈ ಸಭೆಯ ಚರಿತ್ರೆ, ಮೂರನೆಯದು ಹಣದ ಲೆಕ್ಕ ಮತ್ತು ಸಮಿತಿಯ ಕೆಲಸ ಎಂದು ಒಪ್ಪಿದ್ದೇವೆ. ನಾಲ್ಕನೆಯ ಸಂಜೆ ಹೊಸಬರೇ ಸಭೆಯನ್ನು ಪ್ರಶ್ನೆ ಕೇಳಬೇಕು, ಸಮಿತಿಯ ಹಿರಿಯರು ಕುಳಿತು ಉತ್ತರ ಕೊಡಬೇಕು ಎಂದು ಆ ಸಹೋದರ ಸೂಚಿಸಿದ್ದಾರೆ. ಮುಂದಿನ ಸಮಿತಿ ಸಭೆಯಲ್ಲಿ ಇದನ್ನು ಮಂಡಿಸುತ್ತೇವೆ.